ಬಿಟ್ಟುಕೊಡುವ ಮುನ್ನ

ಇಪ್ಪತ್ತೆಂಟು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿದ್ದೇನೆ. ಪರೀಕ್ಷೆಯಲ್ಲಿ ಗಾದೆ ವಿಸ್ತರಿಸುವ ಪ್ರಶ್ನೆ ಇದ್ದೇ ಇರುತ್ತದೆ. ‘ಕೈ ಕೆಸರಾದರೆ ಬಾಯಿ ಮೊಸರು’, ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಇವೆಲ್ಲ ಸರದಿಯಂತೆ ಬಂದು ಹೋಗುತ್ತವೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂಬುದನ್ನು ಮಾತ್ರ ಯಾವ ಪ್ರಶ್ನೆಪತ್ರಿಕೆಯಲ್ಲೂ ನಾನು ನೋಡಿಲ್ಲ. ಅದನ್ನು ವಿಸ್ತರಿಸುವ ಕೆಲಸ ಮನೆಮನೆಯಲ್ಲೂ ತಾನಾಗಿಯೇ ನಡೆಯುತ್ತಿರುವುದರಿಂದಲೋ ಏನೋ.

ಕಾನೂನು ಈ ಗಾದೆಯನ್ನು ತಿದ್ದಿ ಬಹಳ ಕಾಲವಾಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂಬ ತಿದ್ದುಪಡಿ ನಮ್ಮ ರಾಜ್ಯದಲ್ಲಿ 1994ರ ಜುಲೈ 30ರಂದೇ ಜಾರಿಗೆ ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. 2005ರಲ್ಲಿ ಕೇಂದ್ರದ ಕಾನೂನು ಆ ಅಡ್ಡಿಯನ್ನೂ ತೆಗೆಯಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಖಚಿತವಾಗಿ ಹೇಳಿತು. ಇಷ್ಟಾದರೂ ಹಕ್ಕು ಕೇಳಿದ ಹೆಣ್ಣನ್ನು ‘ಆಸೆಬುರುಕಿ’ ಎಂದೂ, ಸುಮ್ಮನೆ ಸಹಿ ಹಾಕಿದವಳನ್ನು ‘ದೊಡ್ಡ ಮನಸ್ಸಿನವಳು’ ಎಂದೂ ಕರೆಯುವುದು ನಿಂತಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಇದು: ತನ್ನದು ಏನೆಂದೇ ತಿಳಿಯದೆ ಬಿಟ್ಟುಕೊಡುವುದು ತ್ಯಾಗವಾದೀತೇ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನ ಚಿಕ್ಕಪ್ಪ ತೀರಿಕೊಂಡ ಮೂರು ತಿಂಗಳಿಗೆ ಅವರ ಮಗಳು, ನನಗಿಂತ ಆರು ವರ್ಷ ಚಿಕ್ಕವಳು, ಒಂದು ಕಾಗದದ ನಕಲು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅದು ಚಿಕ್ಕಪ್ಪನ ಉಯಿಲು. ಮೂರು ಎಕರೆ ಜಮೀನು, ಮನೆ ಎರಡೂ ಮಗನಿಗೆ. ಅವಳ ಅಣ್ಣ ಅದನ್ನು ತೋರಿಸಿ, ಖಾತೆ ಬದಲಾವಣೆಗೆ ಒಪ್ಪಿಗೆಯ ಸಹಿ ಕೇಳಿದ್ದ.

“ಜಮೀನು ಹೋಗ್ಲಿ ಅಕ್ಕ, ಅಣ್ಣ ಅತ್ತಿಗೆ ಅಪ್ಪನ್ನ ನಾಲ್ಕು ವರ್ಷ ಮಗು ಥರ ನೋಡ್ಕೊಂಡ್ರು. ಆದ್ರೆ ಈ ಸಾಲು ನೋಡಿ” ಎಂದಳು. ‘ನನ್ನ ಮಗಳಿಗೆ ಮದುವೆಯ ಕಾಲದಲ್ಲೇ ಕೊಡಬೇಕಾದ್ದನ್ನೆಲ್ಲ ಕೊಟ್ಟಿರುವುದರಿಂದ ಆಕೆಗೆ ಯಾವ ಹಕ್ಕೂ ಇರುವುದಿಲ್ಲ’ ಎಂದಿತ್ತು. “ಅಪ್ಪ ಹೀಗೆ ಹೇಳಿದ್ರಾ? ಅಷ್ಟು ಗೊತ್ತಾದ್ರೆ ಸಾಕು.”

ಪೋಸ್ಟ್ ಮಾಸ್ಟರ್ ಆಗಿದ್ದ ಚಿಕ್ಕಪ್ಪ ಹಾಲಿನ ಲೆಕ್ಕದ ಕೆಳಗೂ ಸಹಿ ಹಾಕುತ್ತಿದ್ದ ಮನುಷ್ಯ. ಉಯಿಲಿನಲ್ಲಿ ಇದ್ದದ್ದು ಹೆಬ್ಬೆಟ್ಟು.

ನನಗೆ ಇಬ್ಬರೂ ಬೇಕಾದವರೇ. ಅಣ್ಣನಾದವನು ಸುಳ್ಳುಗಾರ ಎಂದು ನಾನು ಹೇಳಲಾರೆ. ಕಾಯಿಲೆಯಿಂದ ಕೈ ನಡುಗುವವರು ಹೆಬ್ಬೆಟ್ಟು ಒತ್ತಿರಲೂಬಹುದು. ಆದರೆ ಊಹೆ ಮಾಡುತ್ತ ಕೂರುವ ಬದಲು ತಿಳಿದವರನ್ನು ಕೇಳೋಣ ಎಂದು ಒಂದು ಶನಿವಾರ ಮಧ್ಯಾಹ್ನ ಅವಳನ್ನು ಕರೆದುಕೊಂಡು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದೆ. ಇದು ಕೋರ್ಟಿನ ಆವರಣದಲ್ಲೇ ಇರುತ್ತದೆ. ಬಡವರಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 1987ರ ಕಾನೂನಿನ ಪ್ರಕಾರ ಹೆಂಗಸರು ತಮ್ಮ ವರಮಾನ ಎಷ್ಟೇ ಇರಲಿ, ಅಲ್ಲಿ ಉಚಿತವಾಗಿ ವಕೀಲರ ನೆರವು ಪಡೆಯಬಹುದು.

ಅಲ್ಲಿದ್ದ ವಕೀಲೆ ಸಮಾಧಾನವಾಗಿ ಬಿಡಿಸಿ ಹೇಳಿದರು. ಮನೆ ಚಿಕ್ಕಪ್ಪ ಸ್ವಂತ ದುಡಿಮೆಯಿಂದ ಕಟ್ಟಿಸಿದ್ದು. ಅದನ್ನು ಯಾರಿಗೆ ಬೇಕಾದರೂ ಬರೆಯುವ ಅಧಿಕಾರ ಅವರಿಗಿತ್ತು. ಜಮೀನು ಹಾಗಲ್ಲ, ಅದು ಪಿತ್ರಾರ್ಜಿತ. ತಂದೆ, ಮಗ, ಮಗಳು ಮೂವರಿಗೂ ಸಮಪಾಲು. ತಂದೆ ಉಯಿಲು ಬರೆಯಬಹುದಾದದ್ದು ತಮ್ಮ ಪಾಲಿನ ಒಂದು ಎಕರೆಗೆ ಮಾತ್ರ. ಉಯಿಲು ನಿಜವೇ ಆದರೂ ಮಗಳ ಒಂದು ಎಕರೆ ಮಗಳದ್ದೇ.

“ಹೆಬ್ಬೆಟ್ಟು ಅನ್ನೋ ಒಂದೇ ಕಾರಣಕ್ಕೆ ಉಯಿಲು ಬಿದ್ದುಹೋಗಲ್ಲಮ್ಮ. ಆದ್ರೆ ಇದು ನಿಜ ಅಂತ ತೋರಿಸೋ ಹೊಣೆ ಉಯಿಲು ತಂದವರದ್ದು, ನಿಮ್ಮದಲ್ಲ” ಎಂದರು ಅವರು. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಕೋರ್ಟಿನಲ್ಲಿ ಅವರಲ್ಲಿ ಒಬ್ಬರಾದರೂ ಬಂದು ಹೇಳಬೇಕು. ಬರೆಸಲು ಮುಂದೆ ನಿಂತವರಿಗೇ ಹೆಚ್ಚಿನ ಲಾಭವಾಗಿದ್ದರೆ ಆ ಅನುಮಾನವನ್ನು ಅವರೇ ನಿವಾರಿಸಬೇಕು. ಮೈಸೂರು ಸೀಮೆಯಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 1958ರಲ್ಲೇ ಹೀಗೆಂದಿತಂತೆ. ನಮ್ಮ ಸೀಮೆಯಿಂದ ಹೋದ ಜಗಳವೊಂದು ಇಡೀ ದೇಶಕ್ಕೆ ಪಾಠವಾಗಿರುವಾಗ, ನಮ್ಮೂರಿನ ಹೆಣ್ಣುಮಕ್ಕಳಿಗೇ ಅದು ತಿಳಿಯದಿರುವುದು ಎಂಥ ವಿಚಿತ್ರ!

ಹಿರಿಯರ ಕೊನೆಯ ಮಾತನ್ನು ಪ್ರಶ್ನಿಸುವುದು ಅವರಿಗೆ ಮಾಡುವ ಅವಮಾನವಲ್ಲವೇ ಎಂದು ನಮ್ಮ ನೆಂಟರಲ್ಲಿ ಕೆಲವರು ಕೇಳಿದರು. ನನಗೆ ತಿರುಗಿಯೇ ತೋರುತ್ತದೆ. ಅದು ಅವರದೇ ಮಾತೋ, ಅವರ ಹೆಸರಿನಲ್ಲಿ ಬೇರೆಯವರು ಆಡಿದ್ದೋ ಎಂದು ವಿಚಾರಿಸುವುದು ಸತ್ತವರಿಗೆ ಸಲ್ಲಿಸುವ ಮರ್ಯಾದೆಯೇ. ಹಾಗೆಯೇ ಅಣ್ಣ ಅತ್ತಿಗೆಯರ ಸೇವೆಯೂ ಸಣ್ಣದಲ್ಲ. ರಾತ್ರಿ ಎದ್ದು ಹಾಸಿಗೆ ಬದಲಿಸಿದ ಕೈಗಳ ಋಣವನ್ನು ಯಾವ ಕೋರ್ಟೂ ಲೆಕ್ಕ ಹಾಕಲಾರದು. ಆ ಋಣ ತೀರಿಸಬೇಕಾದ್ದೇ. ಆದರೆ ತಂಗಿಗೆ ತಿಳಿಯದಂತೆ ಅವಳ ಪಾಲಿನಿಂದ ಅದನ್ನು ವಸೂಲು ಮಾಡಿಕೊಂಡರೆ ಅವಳು ಕೊಟ್ಟಂತಾಗುವುದಿಲ್ಲ, ಅಣ್ಣ ಪಡೆದಂತೆಯೂ ಆಗುವುದಿಲ್ಲ. ಕೊಡುವವಳು ತಿಳಿದು ಕೊಟ್ಟಾಗಲೇ ಪಡೆಯುವವನಿಗೂ ಘನತೆ.

ಅವಳು ದಾವೆ ಹಾಕಿದಳು. ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ನನಗೂ ಆ ಮನೆಯ ಬಾಗಿಲು ಮುಚ್ಚಿತು. ಕೊನೆಗೆ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಒಂದು ಎಕರೆ ಇವಳ ಹೆಸರಿಗೆ ಬಂತು. ಮನೆಯನ್ನೂ ತಂದೆಯ ಪಾಲಿನ ಎಕರೆಯನ್ನೂ ಅಣ್ಣನಿಗೆ ಬಿಟ್ಟಳು. ಅತ್ತಿಗೆಯ ಸೇವೆಗೆಂದು ತಾನೇ ಬಿಡುತ್ತಿರುವುದಾಗಿ ಎಲ್ಲರೆದುರು ಹೇಳಿ ಸಹಿ ಹಾಕಿದಳು. ಲೋಕ ಅದಾಲತ್ತಿನ ತೀರ್ಮಾನದ ಮೇಲೆ ಅಪೀಲಿಲ್ಲ. ಉಯಿಲು ನಿಜವೋ ಸುಳ್ಳೋ ಎಂಬುದು ಮಾತ್ರ ತೀರ್ಮಾನವಾಗದೇ ಉಳಿಯಿತು. ಆ ಒಂದು ಸಾಲು ಅಪ್ಪನದೇ ಹೌದೋ ಅಲ್ಲವೋ, ಅವಳಿಗೆ ಇಂದಿಗೂ ಗೊತ್ತಿಲ್ಲ. ನ್ಯಾಯಕ್ಕೆ ಹೋದವರಿಗೆಲ್ಲ ಕೇಳಿದ ಉತ್ತರ ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳಲಾರೆ.

ಎಲ್ಲರೂ ಕೋರ್ಟಿಗೆ ಹೋಗಿ ಎಂದೂ ನಾನು ಹೇಳುವುದಿಲ್ಲ. ತವರಿನ ಮೇಲಿನ ಪ್ರೀತಿಗೆ ಎಕರೆ ಗುಂಟೆಗಳ ಅಳತೆ ಇಲ್ಲ. ಬಿಟ್ಟುಕೊಟ್ಟು ಸುಖವಾಗಿರುವವರನ್ನೂ ಕಂಡಿದ್ದೇನೆ. ಆದರೆ ಅಣ್ಣನೋ ತಮ್ಮನೋ ಕಾಗದ ಚಾಚಿ “ಇಲ್ಲೊಂದು ಸಹಿ ಹಾಕು” ಎಂದಾಗ, “ಓದಿ ನೋಡಿ ನಾಳೆ ಹೇಳ್ತೀನಿ” ಎನ್ನುವಷ್ಟು ಧೈರ್ಯ ನಮಗಿರಬೇಕು. ಆ ಒಂದು ದಿನದ ತಡವನ್ನೂ ತಾಳದ ಬಾಂಧವ್ಯ ಸಹಿ ಹಾಕಿದ ಮೇಲೆ ಉಳಿದೀತೆಂಬ ನಂಬಿಕೆ ನನಗಿಲ್ಲ. ಓದಿ, ಕೇಳಿ, ತಿಳಿದುಕೊಂಡ ಮೇಲೆ ಇಟ್ಟುಕೊಳ್ಳುವುದೋ ಬಿಟ್ಟುಕೊಡುವುದೋ ನಿಮ್ಮ ಮನಸ್ಸಿಗೆ ಬಿಟ್ಟದ್ದು.