ಲೋಕಧರ್ಮಿಯ ಋಣ

ಮೊಮ್ಮಗಳ ಒತ್ತಾಯಕ್ಕೆ ಕಟ್ಟುಬಿದ್ದು ‘ಲಿಲೋ ಅಂಡ್ ಸ್ಟಿಚ್’ ಎಂಬ ಮಕ್ಕಳ ಚಿತ್ರವನ್ನು ನೋಡಿದೆನು. ಅಮೆರಿಕದ ಡಿಸ್ನಿ ಸಂಸ್ಥೆಯವರು 2002ರಲ್ಲಿ ಹೊರತಂದ ಈ ಚಿತ್ರದ ಕಥೆಯು ಹವಾಯಿಯ ಕವಾಯಿ ದ್ವೀಪದಲ್ಲಿ ನಡೆಯುವುದು. ತಾಯಿತಂದೆಗಳಿಲ್ಲದ ಬಾಲೆ ಲಿಲೋ, ಅವಳನ್ನು ಸಾಕುವ ಅಕ್ಕ ನಾನಿ, ಅನ್ಯಗ್ರಹದಿಂದ ಬಂದಿಳಿದ ನೀಲವರ್ಣದ ಪ್ರಾಣಿ ಸ್ಟಿಚ್, ಇವರೇ ಪ್ರಧಾನಪಾತ್ರಗಳು. ಇಂತಹ ಕಟ್ಟುಕಥೆಯಲ್ಲಿ ಒಂದು ಜನಾಂಗದ ಸಂಸ್ಕೃತಿಯು ಯಥಾರ್ಥವಾಗಿ ಮೂಡಬೇಕೆಂದು ಕೇಳುವುದು ನ್ಯಾಯವೆ?

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡು ಬಗೆಗಳನ್ನು ಹೇಳಿರುವನು. ಲೋಕದಲ್ಲಿರುವಂತೆ ತೋರಿಸುವುದು ಮೊದಲನೆಯದು. ರಂಗಕ್ಕಾಗಿ ಕಲ್ಪಿಸಿಕೊಳ್ಳುವುದು ಎರಡನೆಯದು. ಸ್ಟಿಚ್ ನಾಟ್ಯಧರ್ಮಿಗೆ ಸೇರಿದವನು. ಅವನ ವಿಷಯದಲ್ಲಿ ಸತ್ಯಾಸತ್ಯಗಳ ವಿಚಾರವೇ ಹುಟ್ಟದು. ನಾನಿಯ ಮನೆಯಾದರೋ ಲೋಕಧರ್ಮಿ. ಅಂತಹ ಮನೆಗಳು ಅಲ್ಲಿ ನಿಜವಾಗಿಯೂ ಉಂಟು. ಆ ಮನೆಗಳ ಮಕ್ಕಳೂ ಈ ಚಿತ್ರವನ್ನು ನೋಡುವರು.

ಚಿತ್ರಕ್ಕೆ ‘ಒಹಾನ’ ಎಂಬ ಮಾತೇ ಪ್ರಾಣ. ಒಹಾನವೆಂದರೆ ಕುಟುಂಬ. ನಾವು ಪತ್ರೊಡೆಗೆ ಬಳಸುವ ಕೆಸುವೇ ಹವಾಯಿಯವರ ಪೂರ್ವಿಕರನ್ನು ಪೋಷಿಸಿದ ‘ಕಲೋ’. ಅದರ ತಾಯಿಗೆಡ್ಡೆಯ ಮಗ್ಗುಲಲ್ಲಿ ಒಡೆಯುವ ಮರಿಗೆ ‘ಒಹಾ’ ಎಂದು ಹೆಸರು. ಅದರಿಂದಲೇ ಒಹಾನಶಬ್ದವು ಬಂದಿತೆನ್ನುವರು.

ತಂಗಿಯನ್ನು ಅಧಿಕಾರಿಯು ಕರೆದೊಯ್ಯುವ ಹಿಂದಿನ ರಾತ್ರಿ ನಾನಿಯು ‘ಅಲೋಹಾ ಓಎ’ ಎಂಬ ವಿದಾಯಗೀತವನ್ನು ಮೆಲ್ಲನೆ ಹಾಡುವಳು. ಅದನ್ನು ರಚಿಸಿದವಳು ಹವಾಯಿಯ ಕೊನೆಯ ರಾಣಿ ಲಿಲಿಯುಓಕಲಾನಿ. 1893ರಲ್ಲಿ ಅವಳನ್ನು ಸಿಂಹಾಸನದಿಂದ ಇಳಿಸಿದರು; 1898ರಲ್ಲಿ ಆ ನಾಡನ್ನು ಅಮೆರಿಕವು ತನ್ನೊಳಗೆ ಸೇರಿಸಿಕೊಂಡಿತು. ಚಿತ್ರದಲ್ಲಿ ಇದಾವುದನ್ನೂ ಹೇಳಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅರಿತವರಿಗೆ ಅಲ್ಲಿ ಧ್ವನಿಯುಂಟು; ಅರಿಯದ ಮಗುವಿಗೆ ಅಕ್ಕನ ದುಃಖವೇ ಸಾಕು. ಇದನ್ನು ನಾನು ಯಾಥಾರ್ಥ್ಯವೆಂದು ಕರೆಯುವೆನು.

ಆದರೆ ಮೊದಲಿನಲ್ಲಿ ಬರುವ ಹೂಲಾ ನೃತ್ಯದ ಹಾಡಿನ ವಿಷಯದಲ್ಲಿ ನನ್ನ ಮನಸ್ಸು ಹೊಯ್ದಾಡುತ್ತಿದೆ. ಮಿಷನರಿಗಳ ಪ್ರಭಾವದಿಂದ 1830ರಲ್ಲಿ ನಿಷೇಧಕ್ಕೊಳಗಾದ ಹೂಲಾವನ್ನು 1883ರ ತನ್ನ ಪಟ್ಟಾಭಿಷೇಕೋತ್ಸವದಲ್ಲಿ ಬಹಿರಂಗವಾಗಿ ಆಡಿಸಿ ಗೌರವಿಸಿದವನು ಕಲಾಕವುಅ ರಾಜನು. ಅವನನ್ನೂ ಅವನ ತಂಗಿಯಾದ ಈ ರಾಣಿಯನ್ನೂ ಹೊಗಳುವ ಪ್ರಾಚೀನಗೀತಗಳಿಂದ ಆ ಹಾಡನ್ನು ಹೊಂದಿಸಿ, ಲಿಲೋವಿನ ಹಾಡೆಂದು ಹೆಸರಿಟ್ಟಿರುವರು. ಹೊಂದಿಸಿದವರು ಹೂಲಾ ವಿದ್ಯೆಯ ಆಚಾರ್ಯರು. ದನಿಗೂಡಿಸಿದವರು ಹವಾಯಿಯ ಶಾಲಾಮಕ್ಕಳು. ಆದುದರಿಂದ ದೋಷವಿಲ್ಲವೆಂದು ವಾದಿಸಬಹುದು. ರಾಜನ ಬಿರುದಾವಳಿಯನ್ನು ಬೊಂಬೆಯಾಟದ ಹುಡುಗಿಗೆ ಹೇಳಿದರೆ ನಮ್ಮ ಹಳೆಯ ಪಂಡಿತರು ಅನೌಚಿತ್ಯವೆನ್ನುತ್ತಿರಲಿಲ್ಲವೆ? ಇಡೀ ಜನಾಂಗದ ಸೊತ್ತಿಗೆ ಒಬ್ಬ ಗುರುವಿನ ಒಪ್ಪಿಗೆ ಸಾಲುವುದೆ? ಆದರೂ ಆ ಮಕ್ಕಳ ಕಂಠದಲ್ಲಿದ್ದ ಉಲ್ಲಾಸವನ್ನು ನೆನೆದಾಗ ನನ್ನ ಆಕ್ಷೇಪವು ಅರ್ಧ ಕರಗುವುದು. ಪೂರ್ತಿ ಕರಗದು.

2025ರಲ್ಲಿ ಇದೇ ಕಥೆಯನ್ನು ನಟನಟಿಯರಿಂದ ಪುನಃ ಚಿತ್ರಿಸಿದರು. ಅದರ ಕೊನೆಯಲ್ಲಿ ನಾನಿಯು ಲಿಲೋಳನ್ನು ನೆರೆಮನೆಯ ಅಜ್ಜಿಯ ಬಳಿ ಬಿಟ್ಟು ವಿದ್ಯಾಭ್ಯಾಸಕ್ಕಾಗಿ ಅಮೆರಿಕದ ಮುಖ್ಯಭೂಮಿಗೆ ತೆರಳುವಳು. ಒಹಾನಕ್ಕೆ ದ್ರೋಹವಾಯಿತೆಂದು ಅನೇಕರು ದೂರಿದರು. ಮಗುವನ್ನು ಬಂಧುಗಳಲ್ಲೋ ಆಪ್ತರಲ್ಲೋ ಸಾಕಲು ಕೊಡುವ ‘ಹಾನಾಯಿ’ ಎಂಬ ಪದ್ಧತಿಯು ಅಲ್ಲಿ ಬಹುಕಾಲದಿಂದ ಉಂಟು. ಆದುದರಿಂದ ಆ ದೂರು ಅವಸರದ್ದೆಂದು ತೋರಿ, ಮೊಮ್ಮಗಳಿಗೆ ಹಾಗೆಯೇ ವಿವರಿಸಿದೆನು.

“ಅಜ್ಜ, ಹೋಗಬಹುದೆ ಎಂದು ಲಿಲೋಳನ್ನು ಮೊದಲು ಕೇಳಬೇಕು, ಅಲ್ಲವೆ?” ಎಂದಳು. ಪದ್ಧತಿಯ ವಿಚಾರದಲ್ಲಿ ನಾನು ಆ ಮಗುವನ್ನೇ ಮರೆತಿದ್ದೆನು.