ದಾರಿಯ ಬದಿಗೊಂದು ಕಲ್ಲು

ಚಿಕ್ಕೋಡಿ ಬಳಿಯ ನಮ್ಮ ಏಕಸಂಬಿಯ ಹಳೆಯ ಹೆಸರು ಎಕ್ಕಸಂಬುಗೆ. ಶಿಲಾಹಾರ ವಿಜಯಾದಿತ್ಯನ ಸೇನಾಪತಿ ಕಾಳಣ ಇಲ್ಲಿ ನೇಮಿನಾಥ ಬಸದಿ ಕಟ್ಟಿಸಿ ಜೈನರ ಯಾಪನೀಯ ಸಂಘದ ಮುನಿಗಳಿಗೆ ಒಪ್ಪಿಸಿದ ಸಂಗತಿಯನ್ನು 1165ರ ಶಾಸನ ಹೇಳುತ್ತದೆ. ಆತ ಯಾರು, ಏನು ಮಾಡಿದ, ಯಾರಿಗಾಗಿ ಮಾಡಿದ ಎಂಬುದೆಲ್ಲ ಒಂದೇ ಕಲ್ಲಿನಲ್ಲಿದೆ.

ಮುಂದೆ ಯಾಪನೀಯ ಸಂಘ ಹೇಳಹೆಸರಿಲ್ಲದಂತೆ ಮರೆಯಾಯಿತು. ಆ ಪಂಥದ ಜಾಡು ಹಿಡಿದು, 1933ರಷ್ಟು ಹಿಂದೆಯೇ ಅದರ ಮೇಲೆ ಪ್ರಬಂಧ ಬರೆದವರು ಏಕಸಂಬಿಯ ನೆರೆಯ ಸದಲಗಾದ ಆದಿನಾಥ ನೇಮಿನಾಥ ಉಪಾಧ್ಯೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತಲೇ ಕುಂದಕುಂದರ ‘ಪ್ರವಚನಸಾರ’, ಉದ್ಯೋತನ ಸೂರಿಯ ‘ಕುವಲಯಮಾಲಾ’ದಂಥ ಗ್ರಂಥಗಳನ್ನು ಸಂಪಾದಿಸಿದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ನಮ್ಮ ಕಲ್ಲಿನ ಒಡಲನ್ನು ಜಗತ್ತಿನ ವಿದ್ವಾಂಸರಿಗೆ ತಿಳಿಸಬಲ್ಲ ಮನುಷ್ಯ ನಮ್ಮ ಪಕ್ಕದೂರಿನಲ್ಲೇ ಹುಟ್ಟಿದ್ದರು. ಚಿಕ್ಕೋಡಿಗೆ ಓದಲು ಹೋಗುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತು?

ಮುನಿಗಳನ್ನು ಈ ಸೀಮೆ ಮರೆತಿಲ್ಲ. ಭೋಜದ ಶಾಂತಿಸಾಗರರು, ಸದಲಗಾದ ವಿದ್ಯಾಸಾಗರರು, ಶೇಡಬಾಳದ ವಿದ್ಯಾನಂದರು ಮನೆಮನೆಯಲ್ಲಿದ್ದಾರೆ. ಆದರೆ ಅದೇ ಶೇಡಬಾಳ ಮಿರ್ಜಿ ಅಣ್ಣಾರಾಯರ ಊರೂ ಹೌದು. ಇಲ್ಲಿಯ ಒಕ್ಕಲು ಮನೆಗಳ ಮಾತನ್ನೇ ‘ನಿಸರ್ಗ’ ಕಾದಂಬರಿಯ ಮಾತಾಗಿಸಿದ ಶಾಲಾ ಮಾಸ್ತರರು ಅವರು. ನಿಪ್ಪಾಣಿಯಲ್ಲಿ 1981ರ ಏಪ್ರಿಲ್‌ನಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ಹೆದ್ದಾರಿಯಲ್ಲಿ ಕುಳಿತು ಪೊಲೀಸರ ಗುಂಡಿಗೆ ಬಲಿಯಾದ ರೈತರು ನಮ್ಮವರಲ್ಲವೇ? ಅವರನ್ನು ‘ಹುತಾತ್ಮರು’ ಎಂದು ಒಟ್ಟಿಗೆ ಕರೆದು ಮುಗಿಸಬಾರದು. ಒಬ್ಬೊಬ್ಬರ ಹೆಸರೂ ಊರೂ ಬೇರೆಬೇರೆಯಾಗಿ ಓದಲು ಸಿಗಬೇಕು.

ಹೆಸರುಗಳನ್ನು ದಾರಿಯಲ್ಲೇ ಓದಲು ಇಡುವ ರೂಢಿ ಬೇರೆಡೆ ಇದೆ. ಅಮೆರಿಕದ ಹಾಲಿವುಡ್‌ನಲ್ಲಿ ಕಲಾವಿದರ ಹೆಸರುಗಳನ್ನು ನಕ್ಷತ್ರದ ಆಕಾರದಲ್ಲಿ ಕಾಲುದಾರಿಗೇ ಕೂಡಿಸಿದ್ದಾರೆ. ಅಲ್ಲಿ ಆಯ್ಕೆಯಾದವರ ಪರವಾಗಿ ಯಾರಾದರೂ ದೊಡ್ಡ ಮೊತ್ತ ಕಟ್ಟಬೇಕು. ಬಾಕ್ಸರ್ ಮುಹಮ್ಮದ್ ಅಲಿ ಮಾತ್ರ, ಪ್ರವಾದಿಯ ಹೆಸರಿನ ಮೇಲೆ ಜನ ಕಾಲಿಡುವುದು ತನಗೆ ಒಪ್ಪಿಗೆಯಿಲ್ಲ ಎಂದರು. 2002ರಲ್ಲಿ ಅವರ ನಕ್ಷತ್ರವನ್ನು ಗೋಡೆಯ ಮೇಲೆ ಹಚ್ಚಿದರು.

ಅಲಿಯವರ ಮನಸ್ಸು ನಮಗೆ ಅರ್ಥವಾಗುತ್ತದೆ. ನಮ್ಮ ಭಾಗದಿಂದ ಪಂಢರಪುರದ ವಾರಿಗೆ ಹೋಗುವವರು ವಿಠ್ಠಲನ ಮಹಾದ್ವಾರದಲ್ಲಿ ಸಂತ ನಾಮದೇವರ ‘ಪಾಯರಿ’ ಎಂಬ ಮೆಟ್ಟಿಲನ್ನು ನೋಡುತ್ತಾರೆ. ಭಕ್ತರ ಪಾದಧೂಳಿ ತನ್ನ ಮೇಲೆ ಬೀಳಲಿ ಎಂದು ನಾಮದೇವರು ಬೇಡಿದ ಜಾಗವದು ಎಂಬ ನಂಬಿಕೆ. ಆದರೂ ಜನ ಅದಕ್ಕೆ ಹಣೆ ಹಚ್ಚಿ, ತುಳಿಯದೆ ದಾಟುತ್ತಾರೆ. ತುಳಿಸಿಕೊಳ್ಳುವ ಹಂಬಲ ಸಂತನದು. ತುಳಿಯದಿರುವ ಮರ್ಯಾದೆ ನಮ್ಮದು.

ಹಾಗಾಗಿ ಏಕಸಂಬಿಯಿಂದ ಸದಲಗಾ ಕಡೆಗೆ ಹೋಗುವ ದಾರಿಯ ಬದಿಯಲ್ಲಿ, ನಿಂತವರ ಕಣ್ಣಿಗೆ ಎಟಕುವ ಎತ್ತರಕ್ಕೆ ಕಲ್ಲುಗಳನ್ನು ನೆಡಬೇಕು. ಹೆಸರು, ಊರು, ಮಾಡಿದ ಕೆಲಸ, ಇಷ್ಟು ಸಾಕು; ಬಿರುದು ಬೇಡ. ಗಡಿಯ ಊರಾದ್ದರಿಂದ ಕನ್ನಡದ ಕೆಳಗೆ ಮರಾಠಿಯಲ್ಲೂ ಬರೆಯೋಣ, ಓದುವವರು ಹೆಚ್ಚಾಗುತ್ತಾರೆ. ಬದುಕಿರುವವರ ಹೆಸರು ಖಂಡಿತ ಬೇಡ. ಸೇರಿಸಿದರೆ ಚುನಾವಣೆಗೊಮ್ಮೆ ಪಟ್ಟಿ ಬದಲಾಗುತ್ತದೆ. ಮನೆಯವರಿಂದ ಒಂದು ರೂಪಾಯಿಯನ್ನೂ ಪಡೆಯಕೂಡದು. ಪಾರಿಜಾತದ ಬಯಲಾಟ ಕಟ್ಟಿದವರು, ಬೀಡಿ ಕಟ್ಟುವ ಹೆಣ್ಣುಮಕ್ಕಳ ಪರ ನಿಂತವರು, ನೂರಾರು ಹೆರಿಗೆ ಮಾಡಿಸಿದ ಸೂಲಗಿತ್ತಿಯರು ಯಾರೆಂದು ಶಾಲೆಯ ಹುಡುಗರು ಹಿರಿಯರನ್ನು ಕೇಳಿ ಬರೆದು ತರಲಿ. ಪಟ್ಟಣ ಪಂಚಾಯಿತಿ ಆ ಪಟ್ಟಿಯನ್ನು ಊರ ಮುಂದೆ ಓದಿಸಿ ಆಯಲಿ.

ಉಪಾಧ್ಯೆಯವರು ಹುಟ್ಟಿದ್ದು 1906ರ ಫೆಬ್ರುವರಿ 6ರಂದು. ಮೊದಲ ಕಲ್ಲು ಅವರದಾಗಲಿ, ಅದೇ ತಾರೀಖಿಗೆ ನೆಡೋಣ.