ಹಳೆಯ ಕಾರು, ಹೊಸ ಹಿಡಿ

ಎತ್ತಿನ ಗಾಡಿಯ ವಿಷಯದಲ್ಲಿ ನಮ್ಮ ಹಿರಿಯರಿಗೆ ಇಲ್ಲದಿದ್ದ ಒಂದು ತೊಡಕು ಕಾರಿನ ವಿಷಯದಲ್ಲಿ ನಮಗೆ ಬಂದೊದಗಿದೆ. ಗಾಡಿಯ ಅಚ್ಚು ಸವೆದರೆ ಅವರು ಹೊಸ ಅಚ್ಚು ಹಾಕಿಸುತ್ತಿದ್ದರು. ಚಕ್ರದ ಅರ ಮುರಿದರೆ ಬಡಗಿಯನ್ನು ಕರೆಸುತ್ತಿದ್ದರು. ಪಟ್ಟಿ ಸಡಿಲವಾದರೆ ಕಮ್ಮಾರನು ಅದನ್ನು ಕಾಯಿಸಿ ಬಿಗಿದುಕೊಡುತ್ತಿದ್ದನು. ನೊಗ ಹೋಗಿ ನೊಗ ಬಂದು, ಮೂಕಿ ಹೋಗಿ ಮೂಕಿ ಬಂದು, ಮೂವತ್ತು ವರ್ಷಗಳಲ್ಲಿ ಮೊದಲಿನ ಮರದ ಒಂದು ಚಕ್ಕೆಯೂ ಉಳಿಯದೆ ಹೋದರೂ ಅದು ‘ಅಪ್ಪನ ಕಾಲದ ಗಾಡಿ’ಯೇ ಆಗಿರುತ್ತಿತ್ತು. ಹಾಗೆ ಹೇಳುವುದರಲ್ಲಿ ಸುಳ್ಳಿದೆಯೆಂದು ಯಾರಿಗೂ ತೋರುತ್ತಿರಲಿಲ್ಲ. ಥೀಸಿಯಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸಿದಾಗ ಅದು ಅದೇ ಹಡಗೋ ಬೇರೆಯೋ ಎಂದು ಅಥೆನ್ಸಿನ ತತ್ತ್ವಜ್ಞಾನಿಗಳು ವಾದ ಮಾಡಿದರೆಂದು ಪ್ಲುಟಾರ್ಕನು ಬರೆದಿದ್ದಾನೆ. ನಮ್ಮ ಗಾಡಿ ಹೊಡೆಯುವವನಿಗೆ ಅಷ್ಟು ಪುರಸೊತ್ತು ಎಲ್ಲಿಯದು? ಅವನಿಗೆ ಸಂತೆಗೆ ಹೊತ್ತಾಗುತ್ತಿತ್ತು.

ಈ ಮಾತು ಬಂದದ್ದು ಸಂತೇಬೆನ್ನೂರಿನ ನನ್ನ ಗೆಳೆಯರೊಬ್ಬರ ಕಾರಿನಿಂದ. ಅವರು ಅಡಿಕೆ ತೋಟದ ಮನೆಯವರು. ಕಾರು ಅವರ ತಂದೆ 1968ರಲ್ಲಿ ಕೊಂಡ ಅಂಬಾಸಿಡರ್, ಮಾರ್ಕ್ 2. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಬಂಗಾಳದ ಉತ್ತರಪಾರದಲ್ಲಿ ತಯಾರಾಗಿ, 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಹೆಚ್ಚು ಕಡಮೆ ಅದೇ ಮೈಕಟ್ಟನ್ನು ಉಳಿಸಿಕೊಂಡ ಆ ಕಾರನ್ನು ಓದುಗರಿಗೆ ನಾನು ವರ್ಣಿಸಬೇಕಾಗಿಲ್ಲ. ಗೆಳೆಯರ ಕಾರು ನೋಂದಣಿಯಾದಾಗ ರಾಜ್ಯ ಮೈಸೂರು, ಜಿಲ್ಲೆ ಶಿವಮೊಗ್ಗ. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. 1997ರಲ್ಲಿ ಚನ್ನಗಿರಿ ತಾಲ್ಲೂಕು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಕಾರು ನಿಲ್ಲುವ ಶೆಡ್ಡು ಮಾತ್ರ ಒಂದು ಗೇಣೂ ಕದಲಿಲ್ಲ.

ಕಾರಿನೊಳಗೂ ಇಂಥ ಬದಲಾವಣೆಗಳು ಆಗುತ್ತಲೇ ಬಂದಿವೆ. ಅದರ 1489 ಸಿ.ಸಿ. ಪೆಟ್ರೋಲ್ ಎಂಜಿನ್ನು ಎಂಬತ್ತರ ದಶಕದಲ್ಲಿ ಹೋಗಿ ಆ ಜಾಗಕ್ಕೆ ಡೀಸೆಲ್ ಎಂಜಿನ್ ಬಂತು. ಆ ಬದಲಾವಣೆ ಕ್ರಮವಾಗಿ ಆರ್.ಸಿ. ಪುಸ್ತಕದಲ್ಲಿ ನಮೂದೂ ಆಯಿತು. ತಳದ ತಗಡು ತುಕ್ಕು ಹಿಡಿದು ಬೆಸುಗೆ ಕಂಡಿತು. ಸೀಟಿನ ಬಟ್ಟೆ ಮೂರು ಸಲ ಬದಲಾಯಿತು. ಬಣ್ಣ ಕಪ್ಪಿನಿಂದ ಬಿಳಿಗೆ ಬಂತು. ಟಯರುಗಳ ಲೆಕ್ಕ ಯಾರಿಟ್ಟಿದ್ದಾರೆ? ಇವುಗಳಲ್ಲಿ ಯಾವುದಕ್ಕೂ ಆ ಮನೆಯಲ್ಲಿ ಒಬ್ಬರೂ ಕಣ್ಣೀರು ಹಾಕಿದ್ದಿಲ್ಲ. ಈಗ ಗೆಳೆಯರು ಸ್ಟಿಯರಿಂಗ್ ಚಕ್ರವನ್ನು ಬದಲಾಯಿಸಬೇಕೆಂದಿದ್ದಾರೆ. ಮನೆ ಎರಡು ಪಕ್ಷವಾಗಿದೆ.

ಅವರ ಕಾರಣ ಸಣ್ಣದಲ್ಲ. ವಯಸ್ಸು ಎಪ್ಪತ್ತು ದಾಟಿದೆ. ಬೆರಳ ಗೆಣ್ಣುಗಳು ಊದಿಕೊಂಡು ಸಣ್ಣ ವಸ್ತುವನ್ನು ಬಿಗಿಯಾಗಿ ಹಿಡಿಯಲು ಆಗುವುದಿಲ್ಲ. ಹಳೆಯ ಚಕ್ರದ ಬಳೆ ತೆಳ್ಳಗೆ, ನುಣ್ಣಗೆ, ಗಟ್ಟಿ. ಐವತ್ತು ಬೇಸಗೆಗಳ ಬಿಸಿಲಿಗೆ ಅದು ಮೂರು ನಾಲ್ಕು ಕಡೆ ಬಿರಿದು, ಒಳಗಿನ ಉಕ್ಕಿನ ಬಳೆ ಕಾಣುತ್ತದೆ. ಬಿರುಕಿನ ಅಂಚು ಅಂಗೈಗೆ ತಾಗುತ್ತದೆ. ಚರ್ಮ ಹೊದಿಸಿದ ದಪ್ಪ ಬಳೆಯ ಚಕ್ರವೊಂದು ಸಿಕ್ಕರೆ ಇನ್ನು ನಾಲ್ಕು ವರ್ಷ ತೋಟಕ್ಕೂ ಆಸ್ಪತ್ರೆಗೂ ತಾವೇ ಹೋಗಿಬರಬಹುದೆಂಬುದು ಅವರ ಆಸೆ. ಇಲ್ಲವಾದರೆ ಮಗ ಬೆಂಗಳೂರಿನಿಂದ ಬರುವವರೆಗೆ ಕಾಯಬೇಕು, ಇಲ್ಲವೆ ಪರರನ್ನು ಕೇಳಬೇಕು. ಸ್ವತಂತ್ರವಾಗಿ ಬದುಕಿದವರಿಗೆ ಕೇಳುವುದು ಎಷ್ಟು ಕಷ್ಟವೆಂಬುದು ಕೇಳಬೇಕಾಗಿ ಬಂದವರಿಗೆ ಗೊತ್ತು.

ಎದುರು ಪಕ್ಷ ಅವರ ತಂಗಿಯದು. ಆಕೆಯ ಮಾತು ಒಂದೇ: “ಎಂಜಿನ್ ಅಪ್ಪನದಲ್ಲ, ಕಂಪನಿಯದು. ಚಕ್ರ ಅಪ್ಪನದು.” ಬಳೆಯ ಎಡಗಡೆ ಮೇಲ್ಭಾಗದಲ್ಲಿ, ಗಡಿಯಾರದ ಹತ್ತು ಗಂಟೆಯ ಜಾಗದಲ್ಲಿ, ಅವರ ತಂದೆಯ ಕೈ ಇರುತ್ತಿದ್ದ ಕಡೆ, ಪ್ಲಾಸ್ಟಿಕ್ಕು ಸವೆದು ಸ್ವಲ್ಪ ತಗ್ಗಾಗಿದೆ. ನಾನೂ ಮುಟ್ಟಿ ನೋಡಿದ್ದೇನೆ. ಕಣ್ಣಿಗೆ ಕಾಣದು, ಹೆಬ್ಬೆರಳಿಗೆ ತಿಳಿಯುತ್ತದೆ.

ಮೊದಲು ಕೇಳಿದಾಗ ಇದು ಬರಿಯ ಮಮತೆಯ ಮಾತು, ತರ್ಕವಲ್ಲ, ಎಂದು ಯಾರಿಗಾದರೂ ಅನ್ನಿಸಬಹುದು. ಯೋಚಿಸುತ್ತ ಹೋದರೆ ಇದರಲ್ಲಿ ತರ್ಕವೇ ಹೆಚ್ಚು. ‘ಮಿಲಿಂದ ಪನ್ಹ’ ಎಂಬ ಪಾಲಿ ಗ್ರಂಥದಲ್ಲಿ ರಥವೇರಿ ಬಂದ ಮಿಲಿಂದ ರಾಜನನ್ನು ನಾಗಸೇನ ಭಿಕ್ಷು ಒಂದೊಂದಾಗಿ ಕೇಳುತ್ತಾನೆ: ಮೂಕಿ ರಥವೆ? ಅಚ್ಚು ರಥವೆ? ಗಾಲಿಯೆ? ನೊಗವೆ? ಲಗಾಮೆ? ಚಾವಟಿಯೆ? ಯಾವುದೂ ಅಲ್ಲ. ಹಾಗಾದರೆ ‘ರಥ’ವೆನ್ನುವುದು ಇವೆಲ್ಲ ಒಟ್ಟುಗೂಡಿದಾಗ ನಾವು ಕೊಡುವ ಹೆಸರು ಮಾತ್ರ. ವಾದ ಸೊಗಸಾಗಿದೆ, ರಾಜನು ಸೋತದ್ದು ಆಶ್ಚರ್ಯವಲ್ಲ. ಆದರೆ ಭಿಕ್ಷುವಿನ ಪಟ್ಟಿಯ ಬಗ್ಗೆ ನನಗೊಂದು ತಕರಾರಿದೆ. ಅಚ್ಚನ್ನೂ ಲಗಾಮನ್ನೂ ಆತ ಒಂದೇ ಸಾಲಿನಲ್ಲಿ ಕೂರಿಸಿದ. ಅಚ್ಚಿಗೂ ಸಾರಥಿಗೂ ಪರಿಚಯವಿಲ್ಲ. ಲಗಾಮಿನ ಒಂದು ತುದಿ ಕುದುರೆಯ ಬಾಯಲ್ಲಿದ್ದರೆ ಇನ್ನೊಂದು ತುದಿ ಮನುಷ್ಯನ ಕೈಯಲ್ಲಿದೆ. ಅದು ಅರ್ಧ ರಥದ್ದು, ಅರ್ಧ ಸಾರಥಿಯದು. ನೇಗಿಲಿನಲ್ಲಿ ಗುಳ ನೆಲದ್ದು, ಮೇಳಿ ರೈತನದು. ಕಾರಿನ ತಿರುಗುಚಕ್ರವೂ ಇದೇ ಜಾತಿಯ ವಸ್ತು. ಮೊದಲ ಕಾರುಗಳಲ್ಲಿ ಈ ಚಕ್ರವೇ ಇರಲಿಲ್ಲ. ದೋಣಿಯ ಚುಕ್ಕಾಣಿಯಂತೆ ಒಂದು ಹಿಡಿಕೋಲು ಇರುತ್ತಿತ್ತು. 1894ರ ಪ್ಯಾರಿಸ್–ರೂಆನ್ ಓಟದಲ್ಲಿ ವ್ಯಾಶ್ರೋನ್ ಎಂಬಾತನು ತನ್ನ ಕಾರಿಗೆ ಚಕ್ರ ಅಳವಡಿಸಿಕೊಂಡು ಬಂದನೆಂದು ಚರಿತ್ರೆ ಹೇಳುತ್ತದೆ. ಕೋಲಾಗಲಿ ಚಕ್ರವಾಗಲಿ, ಯಂತ್ರವು ಮನುಷ್ಯನ ಮುಂದೆ ಕೈಚಾಚುವ ಜಾಗ ಅದು.

ಕಾನೂನಿನ ಲೆಕ್ಕ ಬೇರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿಗೆ ಚಿಂತೆಯೆಲ್ಲ ನೋಂದಣಿ ಪತ್ರದ ವಿವರಗಳಿಗೆ ವಾಹನ ಹೊಂದುತ್ತದೆಯೋ ಇಲ್ಲವೋ ಎಂಬುದು. 2021ರ ಜುಲೈನಲ್ಲಿ ಪುರಾತನ ವಾಹನಗಳಿಗಾಗಿ ಮಾಡಿದ ಕೇಂದ್ರದ ನಿಯಮಗಳು ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನಕ್ಕೆ ಆ ಪದವಿ ಕೊಡುತ್ತವೆ. ಚಾಸಿ, ಮೈಕವಚ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಎಂದರೆ ಎಲುಬು, ತೊಗಲು, ಹೃದಯ. ಕೈ ಹಿಡಿಯುವ ಜಾಗವನ್ನು ಹೆಸರಿಸಿಲ್ಲ. ಸರಕಾರದ ಕಣ್ಣಿಗೆ ಗೆಳೆಯರ ಕಾರು ಎಂಬತ್ತರ ದಶಕದಲ್ಲೇ ಮೂಲರೂಪ ಕಳೆದುಕೊಂಡಿತು. ತಂಗಿಯ ಕಣ್ಣಿಗೆ ಇನ್ನೂ ಕಳೆದುಕೊಂಡಿಲ್ಲ, ಬರುವ ವಾರ ಕಳೆದುಕೊಳ್ಳುತ್ತದೆ. ಇಬ್ಬರಲ್ಲಿ ಕಾರನ್ನು ಹೆಚ್ಚು ಬಲ್ಲವರು ಯಾರೆಂದು ಕೇಳಿದರೆ ನಾನು ತಂಗಿಯ ಕಡೆಗೇ ಬೆರಳು ತೋರಿಸುವೆನು.

ಹಾಗಿದ್ದೂ ನಾನು ಅಣ್ಣನ ಪಕ್ಷ. ಅದಕ್ಕೆ ಕಾರಣ ಹೇಳಬೇಕು.

ಸಂತೇಬೆನ್ನೂರಿಗೆ ಹೋದವರೆಲ್ಲ ಅಲ್ಲಿಯ ಪುಷ್ಕರಣಿಯನ್ನು ನೋಡಿರುತ್ತಾರೆ. ಹದಿನಾರನೆಯ ಶತಮಾನದ ಪಾಳೆಯಗಾರ ಹನುಮಪ್ಪ ನಾಯಕನ ಕಾಲದ್ದು. ನಾಲ್ಕು ಕಡೆ ಕಲ್ಲಿನ ಮೆಟ್ಟಲು, ನಡುನೀರಿನಲ್ಲಿ ವಸಂತ ಮಂಟಪ. ದಂಡೆಯಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನು ಕಟ್ಟಿಸಿದನೆನ್ನುವ ಮುಸಾಫಿರ್‌ಖಾನೆ. ಇವು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿ ಒಂದು ಕಲ್ಲನ್ನು ಕದಲಿಸಿದರೂ ತಪ್ಪು. ಅದು ಸರಿಯಾದ ನಿಯಮ. ಆ ಕೊಳದಿಂದ ಇವತ್ತು ಯಾರ ಗದ್ದೆಗೂ ನೀರು ಹಾಯಬೇಕಾಗಿಲ್ಲ. ಅದೇ ತಾಲ್ಲೂಕಿನ ಸೂಳೆಕೆರೆಯ ಮಾತು ಹಾಗಲ್ಲ. ಅದು ಪುಷ್ಕರಣಿಗಿಂತಲೂ ಹಳೆಯದು. ಆದರೆ ಅದು ಕೆಲಸದಲ್ಲಿರುವ ಕೆರೆ. ಅದರ ತೂಬನ್ನು ದುರಸ್ತಿ ಮಾಡಬೇಡಿ, ಏರಿಯನ್ನು ಮುಟ್ಟಬೇಡಿ, ಹಳೆಯ ಕಾಲದ ಕೈ ಅಲ್ಲಿದೆ ಎಂದು ಯಾರಾದರೂ ಅಡ್ಡ ನಿಂತರೆ ಕೆಳಗಿನ ಗದ್ದೆಯವರು ಒಪ್ಪಿಯಾರೆ? ದುರಸ್ತಿಯೇ ಅದರ ಚರಿತ್ರೆ. ಕಾಪಾಡುವುದರಲ್ಲಿ ಹೀಗೆ ಎರಡು ಬಗೆಯುಂಟು: ಮುಟ್ಟದೆ ಕಾಪಾಡುವುದು ಒಂದು, ಮುಟ್ಟಿ ಮುಟ್ಟಿ ಕಾಪಾಡುವುದು ಒಂದು. ಒಂದರ ನಿಯಮವನ್ನು ಇನ್ನೊಂದಕ್ಕೆ ಹೇರಿದರೆ ಎರಡೂ ಕೆಡುತ್ತವೆ. ಗೆಳೆಯರ ಕಾರು ಇನ್ನೂ ಕೆರೆ, ಕೊಳವಾಗಿಲ್ಲ. ಅದು ತೋಟಕ್ಕೆ ಹೋಗುತ್ತದೆ, ಗೊನೆ ಹೊರುತ್ತದೆ, ಮಳೆಯಲ್ಲಿ ನೆನೆಯುತ್ತದೆ. ತಂದೆಯವರೂ ಎಂಜಿನ್ ಬದಲಾಯಿಸಿದ್ದು ಅದನ್ನು ಶೆಡ್ಡಿನಲ್ಲಿಟ್ಟು ಪೂಜೆ ಮಾಡಲಿಕ್ಕಲ್ಲ.

ಅದರ ಮೇಲೆ, ಚಕ್ರ ಅರ್ಧ ಕೈಯದೆಂದು ಒಪ್ಪಿದ ಮೇಲೆ, ಯಾರ ಕೈ ಎಂಬ ಪ್ರಶ್ನೆ ಬಾರದಿರುತ್ತದೆಯೆ? ತೀರಿಕೊಂಡವರ ಕೈಯ ಗುರುತು ಬದುಕಿರುವವರ ಕೈಯನ್ನು ಕೊರೆಯುತ್ತಿದೆ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ನೋವಾಗುತ್ತದೆ. ತಂದೆಯವರು ಇದ್ದಿದ್ದರೆ ಏನು ಹೇಳುತ್ತಿದ್ದರೆಂದು ಊಹಿಸಿ ಅವರ ಬಾಯಲ್ಲಿ ಮಾತು ಹಾಕುವುದು ನನಗೆ ಇಷ್ಟವಿಲ್ಲ. ಸತ್ತವರು ಯಾವಾಗಲೂ ನಮ್ಮ ಪಕ್ಷವನ್ನೇ ವಹಿಸುವುದು ಸ್ವಲ್ಪ ಅನುಮಾನದ ಸಂಗತಿ.

ಆದರೆ ಬದಲಾಯಿಸುವ ಹಕ್ಕು ಬಂದ ಮಾತ್ರಕ್ಕೆ ಹೇಗೆ ಬೇಕಾದರೂ ಬದಲಾಯಿಸಬಹುದೆಂದಲ್ಲ. ಇಲ್ಲಿ ಯಂತ್ರವೇ ಒಂದು ನೀತಿಪಾಠ ಹೇಳುತ್ತದೆ. ಬೆಂಗಳೂರಿನ ಮಗ ತಂದೆಗೆ ತೋರಿಸಿದ್ದು 35 ಸೆಂಟಿಮೀಟರ್ ಅಡ್ಡಳತೆಯ ಪುಟ್ಟ ಚಕ್ರ, ಪಂದ್ಯದ ಕಾರುಗಳಿಗೆ ಹಾಕುವ ನಮೂನೆಯದು. ನೋಡಲು ಚೆಂದ. ಆದರೆ ಪವರ್ ಸ್ಟಿಯರಿಂಗ್ ಇಲ್ಲದ ಕಾರಿನಲ್ಲಿ ಚಕ್ರವೆಂಬುದು ಒಂದು ಸನ್ನೆಗೋಲು. 40 ಸೆಂಟಿಮೀಟರಿನದನ್ನು ತೆಗೆದು 35ರದನ್ನು ಹಾಕಿದರೆ ಅದೇ ತಿರುವಿಗೆ ಏಳರಲ್ಲೊಂದು ಪಾಲು ಹೆಚ್ಚು ಬಲ ಬೇಕು. ಕಾರು ನಿಂತಲ್ಲೇ ಚಕ್ರ ತಿರುಗಿಸುವಾಗ ಆ ಏಳರಲ್ಲೊಂದು ಪಾಲು ಎಪ್ಪತ್ತು ವರ್ಷದ ಭುಜಕ್ಕೆ ಸೇರುತ್ತದೆ. ಬೆರಳಿಗೆ ಉಪಕಾರ ಮಾಡಲು ಹೋಗಿ ಭುಜಕ್ಕೆ ಅಪಕಾರ. ಹಿಂದಿನಷ್ಟೇ ಅಗಲದ, ಬಳೆ ಮಾತ್ರ ದಪ್ಪವಾದ ಚಕ್ರ ಬೇಕು. ಅದು ಅಂಗಡಿಯ ಕಿಟಕಿಯಲ್ಲಿ ಹೊಳೆಯುವ ಮಾಲಲ್ಲ.

ಇನ್ನು ಹೊಸ ಚಕ್ರ ನೇರವಾಗಿ ಹಳೆಯ ಕಂಬಕ್ಕೆ ಕೂರುವುದಿಲ್ಲ. ನಡುವೆ ‘ಬಾಸ್’ ಎಂಬ ಒಂದು ಕೂಡುತುಂಡು ಬೇಕು. ಅದರ ಒಂದು ಮುಖದಲ್ಲಿ ಹೊಸ ಚಕ್ರದ ಆರು ತಿರುಪುಗಳು. ಇನ್ನೊಂದು ಮುಖದೊಳಗೆ ಕಂಬದ ತುದಿಯ ಸಣ್ಣ ಹಲ್ಲುಗೆರೆಗಳಿಗೆ ಹೊಂದುವ ಗೆರೆಗಳು. ಬಲ್ಲ ಮೆಕ್ಯಾನಿಕ್ಕು ಮೊದಲು ಮುಂಗಾಲಿಗಳನ್ನು ನೇರವಾಗಿ ನಿಲ್ಲಿಸುತ್ತಾನೆ, ಬ್ಯಾಟರಿಯ ತಂತಿ ಬಿಚ್ಚುತ್ತಾನೆ, ನಡುವಿನ ನಟ್ಟು ಸಡಿಲಿಸಿ ಕಂಬಕ್ಕೂ ಚಕ್ರಕ್ಕೂ ಸೇರಿ ಒಂದು ಗುರುತು ಗೀರುತ್ತಾನೆ, ಸುತ್ತಿಗೆಯಿಂದ ಹೊಡೆಯದೆ ಪುಲ್ಲರ್ ಹಾಕಿ ಎಳೆಯುತ್ತಾನೆ. ಹಲ್ಲುಗೆರೆ ಸರಿಯಾಗಿ ಹೊಂದದ ಅಗ್ಗದ ಬಾಸನ್ನು ನಟ್ಟಿನ ಬಿಗಿಯಿಂದಲೇ ಕೂರಿಸಿಬಿಡಬಹುದು. ಅದು ಕೆಲವು ಕಾಲ ನಡೆಯುತ್ತದೆ. ಒಂದು ದಿನ ದಾವಣಗೆರೆ ರಸ್ತೆಯ ತಿರುವಿನಲ್ಲಿ ಕೈಯ ಚಕ್ರ ತಿರುಗುತ್ತದೆ, ನೆಲದ ಚಕ್ರ ತಿರುಗುವುದಿಲ್ಲ. ಆಗ ಎದುರಿಗೆ ಸೈಕಲ್ಲಿನಲ್ಲಿ ಬರುತ್ತಿರುವವನಿಗೆ ಈ ಅಣ್ಣ ತಂಗಿಯರ ವಾದದಲ್ಲಿ ಯಾವ ಪಾಲೂ ಇಲ್ಲ. ಮನೆಯ ಚರ್ಚೆಯಲ್ಲಿ ಅವನ ಹೆಸರು ಒಂದು ಸಲವೂ ಬರಲಿಲ್ಲವೆಂಬುದನ್ನು ನಾನು ಗಮನಿಸಿದೆ. ತಂದೆಯ ಸ್ಮರಣೆ, ಮಗನ ಸೊಗಸು, ಅಣ್ಣನ ಗೆಣ್ಣು, ಇವೆಲ್ಲದರ ಹಿಂದೆ ನಿಲ್ಲಿಸಬಾರದ ಮನುಷ್ಯ ಅವನು.

ಸೊಗಸಿನ ಬಗ್ಗೆಯೂ ಒಂದು ಮಾತು. ಪೇಟೆಯಲ್ಲಿ ಸಿಕ್ಕುವ ಎಷ್ಟೋ ಚಕ್ರಗಳ ನಡುಗುಂಡಿಯ ಮೇಲೆ ಇಟಲಿಯ ದೊಡ್ಡ ಹೆಸರುಗಳು ಅಚ್ಚಾಗಿರುತ್ತವೆ. 1964ರಲ್ಲಿ ಜಾನ್ ಸರ್ಟೀಸ್ ಫೆರಾರಿ ಕಾರಿನಲ್ಲಿ ಜಗತ್ತಿನ ಪಂದ್ಯ ಗೆದ್ದಾಗ ಹಿಡಿದಿದ್ದ ಚಕ್ರದ ಹೆಸರು ಇವತ್ತು ನೂರಾರು ನಕಲಿ ಚಕ್ರಗಳ ಮೇಲಿದೆ. ಹಳೆಯ ಬಳೆಯನ್ನು ತೆಗೆಯುವುದು ಅಪ್ರಾಮಾಣಿಕತೆಯಲ್ಲ. ಸುಳ್ಳು ಹೆಸರಿನ ಬಳೆಯನ್ನು ಹಾಕುವುದು ಅಪ್ರಾಮಾಣಿಕತೆ. ಅಂಬಾಸಿಡರ್ ಎಂದೂ ತಾನು ಫೆರಾರಿಯೆಂದು ಹೇಳಿಕೊಂಡದ್ದಲ್ಲ.

ತಂಗಿಯ ಒಂದು ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಹಳೆಯ ಚಕ್ರವನ್ನು ಎಸೆಯುವುದಿಲ್ಲ, ಒರಸಿ ಗೋಡೆಗೆ ತೂಗುಹಾಕೋಣ, ಬೇಕಾದಾಗ ಮತ್ತೆ ಜೋಡಿಸಬಹುದು ಎಂದು ಅಣ್ಣ ಸಮಾಧಾನ ಹೇಳಿದರು. ನಾನೂ ಅದನ್ನು ಅನುಮೋದಿಸಿದೆ. ತಿರುಗಿ ಸರಿಪಡಿಸಬಹುದಾದ ಬದಲಾವಣೆ, ಸರಿಪಡಿಸಲಾಗದ್ದಕ್ಕಿಂತ ಉತ್ತಮವೆಂಬುದು ಪುರಾತತ್ತ್ವದವರೂ ಒಪ್ಪುವ ಮಾತು. ಆಕೆ ಹೇಳಿದರು: “ಗೋಡೆಯ ಮೇಲೆ ಅದು ತಿರುಗುತ್ತದೆಯೆ? ಅಪ್ಪನ ಕೈ ಅದರ ಮೇಲೆ ಇದ್ದದ್ದು ತಿರುಗಿಸುವಾಗ.” ಫೋಟೋಕ್ಕೆ ಹಾರ ಹಾಕಿದಂತೆ ಚಕ್ರಕ್ಕೂ ಹಾಕಬೇಕೆ ಎಂದು ಆಕೆ ಕೇಳಿದಾಗ ಅಣ್ಣನ ಮುಖ ಚಿಕ್ಕದಾಯಿತು. ಕಳೆದುಕೊಳ್ಳುವುದು ಏನೂ ಇಲ್ಲವೆಂದು ಸಾಧಿಸುವ ಅಗತ್ಯವಿಲ್ಲ. ಇದೆ. ಅದನ್ನು ಅರಿತೇ ಬದಲಾಯಿಸಬೇಕು.

ದಾವಣಗೆರೆಯ ಒಬ್ಬ ಮೆಕ್ಯಾನಿಕ್ಕಿನಿಂದ ಅಳತೆ ತೆಗೆಸಿ ಬಾಸ್ ಮಾಡಿಸಲು ಕೊಟ್ಟಿದ್ದಾರೆ. ಹೊಸ ಚಕ್ರದ ನಡುಗುಂಡಿಯ ಮೇಲೆ ಯಾವ ಹೆಸರೂ ಬೇಡವೆಂದು ಗೆಳೆಯರು ಹೇಳಿಕಳಿಸಿದ್ದಾರೆ. ಒತ್ತಿದರೆ ಹಾರನ್ ಹೊಡೆದುಕೊಂಡರೆ ಸಾಕಂತೆ.